ಬುಗುಡಿಯಿಲ್ಲದ ಕಿವಿ

ಅಮ್ಮನ ಬಗ್ಗೆ ನನಗಿದ್ದದ್ದು ಒಂದೇ ನೆನಪು, ಅವಳ ಕಿವಿ. ಮುಖವಲ್ಲ, ದನಿಯಲ್ಲ, ಸೀರೆಯ ವಾಸನೆಯೂ ಅಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವಳು ಕೆಂಪು ಗಾರೆಯ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದಳು. ನಾನು ಪಕ್ಕದಲ್ಲಿ ಮಲಗಿ ಕೈ ಚಾಚಿ, ಅವಳ ಕಿವಿಯ ಮೇಲ್ತುದಿಯಲ್ಲಿದ್ದ ತಣ್ಣಗಿನ ಏನನ್ನೋ ಎರಡು ಬೆರಳಿನ ನಡುವೆ ಹಿಡಿದುಕೊಳ್ಳುತ್ತಿದ್ದೆ. ಹಿಡಿದುಕೊಂಡರೆ ನಿದ್ದೆ ಬರುತ್ತಿತ್ತು. ಅಷ್ಟೇ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ನಾನಿನ್ನೂ ಸ್ಕೂಲಿಗೆ ಸೇರುವ ಮೊದಲೇ ಅಮ್ಮ ಕಾಮಾಲೆಯಾಗಿ ತೀರಿಕೊಂಡಳು. ಅವಳು ನನಗೆ ಬಿಟ್ಟುಹೋದದ್ದು ಆ ತಣ್ಣನೆಯ ಸ್ಪರ್ಶ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಾಗ ಒಂದು ದಿನ ಬಾಲ್ಯದ ನೆನಪುಗಳ ಪಾಠ ಬಂತು. ನಾವು ನಮ್ಮದೆಂದು ನಂಬಿರುವ ಎಳವೆಯ ನೆನಪುಗಳಲ್ಲಿ ಎಷ್ಟೋ, ಮನೆಯವರು ಹೇಳಿದ ಕತೆಗಳನ್ನೂ ಗೋಡೆಯ ಮೇಲಿನ ಫೋಟೋಗಳನ್ನೂ ಸೇರಿಸಿ ಆಮೇಲೆ ಹೊಲಿದುಕೊಂಡವು ಎಂದು ಮೇಷ್ಟ್ರು ಹೇಳಿದರು. ಉಳಿದವರು ಅದನ್ನು ಬರೆದುಕೊಂಡು ಕ್ಯಾಂಟೀನಿಗೆ ಹೋದರು. ನಾನು ಮನೆಗೆ ಹೋಗಿ, ಬೀರುವಿನಲ್ಲಿದ್ದ ಅಮ್ಮನ ಫೋಟೋಗಳನ್ನೆಲ್ಲ ಹೊರಗೆ ತೆಗೆದು, ಭೂತಗನ್ನಡಿ ಹಿಡಿದು ಅವಳ ಕಿವಿ ನೋಡಿದೆ. ಹಾಲೆಯಲ್ಲಿ ಓಲೆಯಿತ್ತು. ಮೇಲ್ಗಿವಿಯಲ್ಲಿ ಏನೂ ಇರಲಿಲ್ಲ. ಒಂದೆರಡರಲ್ಲಿ ಆ ಜಾಗದ ಮೇಲೆ ಕೂದಲು ಇಳಿದಿತ್ತು.

ಅಪ್ಪ ಆಗ ಇದ್ದರು. ಜಗಲಿಯಲ್ಲಿ ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದರು. ಅಮ್ಮ ಬುಗುಡಿ ಹಾಕುತ್ತಿದ್ದಳಾ ಎಂದು ಕೇಳಿದೆ. ಬುಗುಡಿ ಎಂದರೆ ಕಿವಿಯ ಮೇಲಿನ ಅಂಚಿಗೆ ತೊಡುವ ಮುತ್ತಿನದೋ ಕೆಂಪಿನದೋ ಒಡವೆ. ನಮ್ಮ ಕಡೆಯ ಹಳೆಯ ಹೆಂಗಸರಲ್ಲಿ ಅನೇಕರಿಗೆ ಇರುತ್ತಿತ್ತು.

"ಬುಗುಡಿನಾ? ನಿಮ್ಮಮ್ಮಂಗೆಲ್ಲಿತ್ತು? ಅದು ನಿಮ್ಮತ್ತೇದು" ಎಂದರು, ಕನ್ನಡಿಯಿಂದ ಕಣ್ಣು ತೆಗೆಯದೆ.

ಅಲ್ಲಿಗೆ ಲೆಕ್ಕ ಮುಗಿಯಿತು. ನಾನು ಮಗುವಾಗಿದ್ದಾಗ ಕೆಲವು ತಿಂಗಳು ನಜರ್‌ಬಾದಿನಲ್ಲಿ ಸೋದರತ್ತೆಯ ಹತ್ತಿರ ಇದ್ದೆನಂತೆ. ಅತ್ತೆಯ ಕಿವಿಯಲ್ಲಿ ಬುಗುಡಿ ಈಗಲೂ ಇದೆ. ಕಿವಿ ಅತ್ತೆಯದು, ಚಾಪೆ ಅತ್ತೆಯದು, ನೆಲವೂ ಅತ್ತೆಯ ಮನೆಯದೇ. ಅಮ್ಮನಿಲ್ಲದ ಮಗು ಆಮೇಲೆ ಯಾವಾಗಲೋ ಅಲ್ಲಿ ಅಮ್ಮನನ್ನು ತಂದು ಮಲಗಿಸಿಕೊಂಡಿದೆ. ಓದಿದ ಹುಡುಗನಾಗಿ ನಾನು ಆ ನೆನಪನ್ನು ಅಮ್ಮನ ಹೆಸರಿನಿಂದ ತೆಗೆದುಹಾಕಿದೆ. ಆಮೇಲೆ ಅವಳ ಹೆಸರಿನಲ್ಲಿ ಏನೂ ಉಳಿಯಲಿಲ್ಲ.

ಅತ್ತೆಯನ್ನು ಮಾತ್ರ ಕೇಳಲಿಲ್ಲ. ಯಾವುದನ್ನೂ ಕೇಳದೆ ಬಿಡುವ ಸ್ವಭಾವ ನನ್ನದಲ್ಲ. ಬಸ್ ಕಂಡಕ್ಟರ್ ಹೇಳಿದ ಸ್ಟಾಪನ್ನೂ ಪಕ್ಕದವರ ಹತ್ತಿರ ಇನ್ನೊಮ್ಮೆ ಕೇಳುವವನು ನಾನು. ಆದರೆ ಅತ್ತೆ "ಹೌದು ಕಣೋ, ನನ್ನ ಕಿವಿನೇ" ಎಂದುಬಿಟ್ಟರೆ ಅದರ ಮೇಲೆ ಅಪೀಲಿಲ್ಲ. ಕೇಳದಿರುವ ತನಕ ಎಲ್ಲೋ ಒಂದು ಸಣ್ಣ ಸಂದಿ ತೆರೆದೇ ಇರುತ್ತದೆ. ಆ ಸಂದಿಯನ್ನು ಕಾಪಾಡಿಕೊಂಡು ನಾನು ಮದುವೆಯಾದೆ, ಕಾಲೇಜಿನಲ್ಲಿ ಮೇಷ್ಟ್ರಾದೆ, ಮಗಳು ದೊಡ್ಡವಳಾದಳು.

ಮಗಳೇ ಈ ವಿಷಯವನ್ನು ಮತ್ತೆ ಎತ್ತಿದ್ದು. ಡಿಗ್ರಿ ಓದುತ್ತಿರುವ ಹುಡುಗಿ. ಒಂದು ಬೆಳಿಗ್ಗೆ ಕಾಫಿ ಹಿಡಿದು ಬಂದು, "ಅಪ್ಪ, ಮೇಲ್ಗಿವಿ ಚುಚ್ಚಿಸ್ತೀನಿ. ಅಜ್ಜಿ ಬುಗುಡಿ ನನಗೇ ಅಂತ ಹೇಳಿದಾರೆ" ಎಂದಳು. ಅವಳು ಅಜ್ಜಿ ಎನ್ನುವುದು ನನ್ನ ಅತ್ತೆಯನ್ನೇ.

"ಈಗಿನ ಹುಡುಗೀರೆಲ್ಲ ಒಂದು ಕಿವಿಗೆ ನಾಲ್ಕು ನಾಲ್ಕು ಚುಚ್ಚಿಸ್ಕೋತಾರೆ, ಇವಳು ಅಜ್ಜಿ ಹೆಸರು ಹೇಳ್ತಾಳೆ" ಎಂದು ಅಡುಗೆಮನೆಯಿಂದ ನನ್ನ ಹೆಂಡತಿ. "ನಿಮ್ಮಪ್ಪನ್ನ ಕೇಳಬೇಡ ಕಣೆ. ಕೇಳಿದ್ರೆ ಮೊದಲು ನಿನಗೆ ಕಿವಿ ಇದೆಯಾ ಅಂತ ವಿಚಾರಣೆ ಶುರು ಮಾಡ್ತಾರೆ."

ನಾನು ವಿಚಾರಣೆ ಶುರು ಮಾಡಿಯೇಬಿಟ್ಟೆ. ಅದಕ್ಕೆ ಕಾರಣವಿತ್ತು. ಮಗಳ ಗೆಳತಿಯೊಬ್ಬಳು ಯಾವುದೋ ಫ್ಯಾನ್ಸಿ ಅಂಗಡಿಯಲ್ಲಿ ಗನ್ನಿನಿಂದ ಮೇಲ್ಗಿವಿ ಚುಚ್ಚಿಸಿಕೊಂಡು, ವಾರದೊಳಗೆ ಕಿವಿ ಊದಿ, ಆಸ್ಪತ್ರೆಯಲ್ಲಿ ಕೀವು ತೆಗೆಸಬೇಕಾಗಿ ಬಂದಿತ್ತು. ನಾನು ಓದತೊಡಗಿದೆ. ಕಿವಿಯ ಹಾಲೆ ಬರೀ ಮಾಂಸ, ರಕ್ತ ಚೆನ್ನಾಗಿ ಹರಿಯುತ್ತದೆ, ಚುಚ್ಚಿದ್ದು ಬೇಗ ಮಾಯುತ್ತದೆ. ಮೇಲಿನ ಅಂಚು ಹಾಗಲ್ಲ. ಅದು ಮೃದ್ವಸ್ಥಿ, ಬಾಗುವ ಮೆತ್ತನೆಯ ಎಲುಬು. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ, ಮೇಲೆ ಹೊದ್ದ ತೆಳು ಚರ್ಮದಿಂದ ಬಂದದ್ದರಲ್ಲೇ ಅದರ ಜೀವನ. ಗನ್ನು ಮೊಂಡು ಕಡ್ಡಿಯನ್ನು ರಭಸದಿಂದ ತೂರಿಸುವಾಗ ಆ ಅಂಚು ಜಜ್ಜಿಹೋಗುತ್ತದೆ, ಗನ್ನನ್ನು ಪೂರ್ತಿಯಾಗಿ ಶುದ್ಧ ಮಾಡುವುದೂ ಕಷ್ಟ. ಒಳಗೆ ನಂಜು ಸೇರಿದರೆ ಮೃದ್ವಸ್ಥಿ ಕರಗಿ, ಕಿವಿಯ ಆಕಾರವೇ ಕೆಡಬಹುದು. ಓದಿದ್ದನ್ನೆಲ್ಲ ಮಗಳಿಗೆ ಹೇಳಿದೆ.

"ಇದೆಲ್ಲ ನನಗೆ ಗೊತ್ತಪ್ಪ. ಅದಕ್ಕೇ ಸೂಜೀಲಿ ಮಾಡೋರ ಹತ್ರ ಹೋಗ್ತಿರೋದು. ನೀನು ಬರೋದಾದ್ರೆ ಬಾ, ಆದ್ರೆ ವೈವಾ ತಗೋಬೇಡ."

ಹೋದೆವು. ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿ. ಬಿಳಿಯ ಗೋಡೆ, ದಂತವೈದ್ಯರ ಕೋಣೆಯಲ್ಲಿರುವಂಥ ಕುರ್ಚಿ. ಚುಚ್ಚುವವಳು ಇಪ್ಪತ್ತೈದು ದಾಟಿರಬಹುದಾದ ಹುಡುಗಿ, ಕೊರಳಲ್ಲಿ ಸಣ್ಣ ಶಿಲುಬೆ. ನಾನು ವೈವಾ ತೆಗೆದುಕೊಂಡೆ. ಸೂಜಿ ಒಬ್ಬರಿಗೊಂದೇನಾ, ಉಪಕರಣ ಬೇಯಿಸುವ ಯಂತ್ರ ಎಲ್ಲಿದೆ, ಲೋಹ ಯಾವುದು. ಅವಳು ಬೇಸರಿಸಲಿಲ್ಲ. ಸೀಲು ಒಡೆಯದ ಪೊಟ್ಟಣವನ್ನು ನನ್ನ ಕಣ್ಣೆದುರಿಗೇ ಬಿಚ್ಚಿದಳು. ಟೈಟಾನಿಯಂ ಸರ್, ನಿಕ್ಕಲ್ ಇರಲ್ಲ, ಅಲರ್ಜಿ ಆಗೋದು ಕಡಿಮೆ ಎಂದಳು. ಕಡ್ಡಿ ಸ್ವಲ್ಪ ಉದ್ದವೇ ಇರುತ್ತದೆ, ಊತಕ್ಕೆ ಜಾಗ ಬೇಕು, ಊತ ಇಳಿದ ಮೇಲೆ ಬಂದರೆ ಚಿಕ್ಕದು ಹಾಕಿಕೊಡುತ್ತೇನೆ ಎಂದಳು. ಬುಗುಡಿಯ ವಿಷಯ ಕೇಳಿದ್ದಕ್ಕೆ ತಲೆಯಾಡಿಸಿದಳು.

"ಅದು ಭಾರ ಸರ್, ತೂತೊಳಗೆ ಹೋಗೋ ಕಾಲೂ ದಪ್ಪ ಇರುತ್ತೆ. ಪೂರ್ತಿ ಮಾಯೋವರೆಗೂ ಬೇಡ. ಆರು ತಿಂಗಳು, ಕೆಲವರಿಗೆ ವರ್ಷಾನೇ ಆಗುತ್ತೆ. ಆಮೇಲೂ ಅಕ್ಕಸಾಲಿಗರ ಹತ್ರ ಕಾಲು ಸಣ್ಣ ಮಾಡಿಸಿ ಹಾಕ್ಕೊಳ್ಳಿ."

"ಎರಡೂ ಕಿವಿ ಮಾಡ್ಬಿಡಿ" ಎಂದಳು ಮಗಳು.

"ಬೇಡಮ್ಮ. ಚುಚ್ಚಿದ ಕಡೆ ಮಲಗೋ ಹಾಗಿಲ್ಲ. ಎರಡೂ ಚುಚ್ಚಿದ್ರೆ ಯಾವ ಮಗ್ಗುಲಿಗೆ ಮಲಗ್ತೀರ, ನಿಂತ್ಕೊಂಡಾ?"

ಸೂಜಿ ಹೋದದ್ದು ನನಗೆ ಕಾಣಲಿಲ್ಲ. ಮಗಳ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮುದುಡಿ ಬಿಚ್ಚಿಕೊಂಡದ್ದು ಕಂಡಿತು. ಆಮೇಲೆ ಆ ಹುಡುಗಿ ಆರೈಕೆಯ ಮಾತು ಹೇಳತೊಡಗಿದಳು. ಬೆಳಿಗ್ಗೆ ಸಂಜೆ ಸಲೈನ್ ಸ್ಪ್ರೇ, ಆಮೇಲೆ ಸ್ವಚ್ಛವಾದ ಟಿಶ್ಯೂ ಪೇಪರಿನಿಂದ ಒತ್ತಿ ಒಣಗಿಸಬೇಕು. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಅರಿಶಿನ, ಕೊಬ್ಬರಿ ಎಣ್ಣೆ, ಸ್ಪಿರಿಟ್ಟು ಯಾವುದೂ ಬೇಡ. ಹೆಲ್ಮೆಟ್ ಹಾಕುವಾಗ ಹುಷಾರು. ಮುಟ್ಟುವ ಮೊದಲು ಕೈ ತೊಳೆಯಬೇಕು, ಮುಟ್ಟದಿದ್ದರೆ ಇನ್ನೂ ಒಳ್ಳೆಯದು. ಕೆಂಪು ಹರಡಿದರೆ, ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಅವರು ನೋಡುವ ಮೊದಲೇ ಕಡ್ಡಿ ಕಿತ್ತುಬಿಡಬಾರದು, ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿದೀತು.

"ಮತ್ತೆ ತಿರುಗಿಸಬೇಡಿ. ಮನೇಲಿ ಅಜ್ಜಿಯರು ಹೇಳ್ತಾರೆ, ದಿನಾ ತಿರುಗಿಸದಿದ್ರೆ ಅಂಟ್ಕೊಳ್ಳುತ್ತೆ ಅಂತ. ತಿರುಗಿಸಿದಷ್ಟೂ ಒಳಗೆ ಮಾಯ್ತಿರೋದು ಹರಿಯುತ್ತೆ."

ಅವಳು ಅದನ್ನು ಹೇಳುವಾಗ ಹೆಬ್ಬೆರಳು ತೋರುಬೆರಳು ಜೋಡಿಸಿ ಗಾಳಿಯಲ್ಲಿ ತಿರುಗಿಸಿ ತೋರಿಸಿದಳು. ಆ ಚಲನೆ ನನಗೆ ಗೊತ್ತಿತ್ತು. ನನ್ನ ನೆನಪಿನಲ್ಲಿ ಬೆರಳುಗಳು ಸುಮ್ಮನೆ ಹಿಡಿದುಕೊಂಡಿರಲಿಲ್ಲ, ತಿರುಗಿಸುತ್ತಿದ್ದವು. ಸಣ್ಣಗಿನ, ನುಣುಪಾದ, ಎಣ್ಣೆಯಿಂದ ಸ್ವಲ್ಪ ಜಾರುವ ಏನನ್ನೋ.

ಹಿಂದಕ್ಕೆ ಬರುವಾಗ ಸ್ಕೂಟರ್ ಓಡಿಸುತ್ತಾ ಅದನ್ನೇ ಯೋಚಿಸಿದೆ. ಬುಗುಡಿ ತಿರುಗುತ್ತದೆಯೇ? ಹಿಂದೆ ತಿರುಪು, ಮುಂದೆ ಮುತ್ತಿನ ಗೊಂಚಲು. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೇ ಇಲ್ಲ. ಅಥವಾ ಈ ತಿರುಗಿಸುವುದೂ ಈಗ ತಾನೇ, ಆ ಹುಡುಗಿಯ ಬೆರಳು ನೋಡಿ ನಾನು ಸೇರಿಸಿಕೊಂಡದ್ದೇ? ನನ್ನಂಥವನ ತಲೆಯಲ್ಲಿ ಎರಡನೆಯ ಪ್ರಶ್ನೆಯೇ ಮೊದಲು ಬೇರು ಬಿಡುತ್ತದೆ.

ಅದಕ್ಕೆ ಎದುರಾಗಿ ಇದ್ದದ್ದು ಹೆಂಡತಿಯ ಮಾತೊಂದೇ. ಮದುವೆಯಾದಾಗಿನಿಂದ ಅವಳು ನನ್ನನ್ನು ಆಡಿಕೊಳ್ಳುತ್ತಾಳೆ. ನನಗೆ ನಿದ್ದೆ ಹತ್ತುವಾಗ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಹೊಸೆಯುತ್ತೇನಂತೆ. "ದೇವರಮನೆಗೆ ಹತ್ತಿ ಕೊಡ್ತೀನಿ, ಹೇಗೂ ಹೊಸೀತೀರ, ಬತ್ತಿನಾದ್ರೂ ಆಗುತ್ತೆ" ಎನ್ನುತ್ತಾಳೆ. ಆ ಮಾತು ಮಗಳ ಕಿವಿಗಿಂತ ಬಹಳ ಹಳೆಯದು.

ಅದಾಗಿ ಕೆಲವು ವಾರಗಳ ಮೇಲೆ ಮಗಳನ್ನು ಕರೆದುಕೊಂಡು ಅತ್ತೆಯ ಮನೆಗೆ ಹೋದೆ. ಅತ್ತೆಗೆ ಎಂಬತ್ತು ದಾಟಿದೆ. ನಮ್ಮ ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ಆ ಠೀವಿ ಅವರ ಮಗಳಲ್ಲಿ ಇನ್ನೂ ಇದೆ. ನಿಗಾ ಮಾಡಿ ಉಟ್ಟ ಸೀರೆ, ಬಿಳಿಕೂದಲಿನ ಬಿಗಿಯಾದ ತುರುಬು, ಎರಡು ಕಿವಿಯಲ್ಲೂ ಬುಗುಡಿ. ಮಗ ಸೊಸೆ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ ನಾವು ಹೋದರೆ ಅವರಿಗೆ ಖುಷಿ, ಮನಸಾರೆ ಬೈಯಬಹುದು.

"ಎಲ್ಲಿ ನೋಡೋಣ" ಎಂದು ಮಗಳ ಗಲ್ಲ ಹಿಡಿದು ಕಿವಿಯನ್ನು ಬೆಳಕಿಗೆ ತಿರುಗಿಸಿದರು. "ಇದೇನೇ ಇದು, ಸೊಳ್ಳೆ ಕೂತಂಗಿದೆ! ಇದಕ್ಕೆ ಇಷ್ಟು ಹಾರಾಟವಾ? ಇರು, ಎಣ್ಣೆ ಬಿಸಿ ಮಾಡಿ ಅರಿಶಿನ ಹಾಕಿ ತರ್ತೀನಿ."

"ಬೇಡ ಅಜ್ಜಿ! ಎಣ್ಣೆ ಹಚ್ಚಬಾರದು."

"ಎಣ್ಣೆ ಹಚ್ಚಬಾರದಾ? ಹಬ್ಬಕ್ಕೆ ಎಣ್ಣೆನೀರು ಹಾಕ್ಕೊಳ್ಳಲ್ವಾ ಹಾಗಾದ್ರೆ? ಕಿವಿ ಬಿಚ್ಚಿಟ್ಟು ಹಾಕ್ಕೋತೀಯಾ?"

"ಕಿವಿ ತಪ್ಪಿಸಿ ಹಚ್ಚಿ ಅಜ್ಜಿ. ಸುಮ್ನೆ ಬಿಟ್ರೆ ತಾನಾಗೇ ಮಾಯುತ್ತೆ. ತಿರುಗಿಸಲೂಬಾರದು."

"ಸರಿ ಬುಡು. ನಿಮ್ಮ ಕಾಲ. ಬುಗುಡಿ ಯಾವಾಗ ಹಾಕ್ಕೋತೀಯ? ಅಷ್ಟರಲ್ಲಿ ನಾನಿರ್ತೀನೋ ಇಲ್ವೋ."

"ಇರ್ತೀರ. ನೀವು ಹಾಕಿಕೊಡ್ಬೇಕು ಅಂತಾನೇ ನಾನು ಕಾಯ್ತಿರೋದು."

ಅತ್ತೆಗೆ ಏನನ್ನಿಸಿತೋ, ಒಂದು ಕಿವಿಯ ತಿರುಪು ಬಿಚ್ಚಿ ಬುಗುಡಿಯನ್ನು ಅವಳ ಅಂಗೈಯಲ್ಲಿಟ್ಟರು. ಅವಳು ನೋಡಿ ನನಗೆ ಕೊಟ್ಟಳು. ಅತ್ತೆಯ ಮೈಬಿಸಿ ಇನ್ನೂ ಅದರಲ್ಲಿತ್ತು. ನಾನು ಎರಡು ಬೆರಳಲ್ಲಿ ಹಿಡಿದು ನೋಡಿದೆ. ಮುತ್ತುಗಳು ಬೆರಳಿಗೆ ಒರಟಾಗಿ ತಗುಲಿದವು. ಕಾಲು ದಪ್ಪ, ತಿರುಪಿನ ಗೆರೆಗಳು ಗರಗಸದ ಹಾಗೆ. ಇದು ಕಿವಿಯಲ್ಲಿದ್ದರೆ ತಿರುಗುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಅತ್ತೆ ಕಪಾಳಕ್ಕೆ ಬಿಟ್ಟಿರುತ್ತಿದ್ದರು. ನನ್ನ ಬೆರಳಿಗೆ ಗೊತ್ತಿದ್ದ ವಸ್ತು ಇದಲ್ಲ.

ಕೇಳಿಬಿಟ್ಟೆ. ಇಷ್ಟು ವರ್ಷ ಕೇಳದಿದ್ದದ್ದನ್ನು, ಬುಗುಡಿಯನ್ನು ಅವರ ಕೈಗೆ ವಾಪಸು ಕೊಡುತ್ತಾ ಕೇಳಿದೆ. "ಅತ್ತೆ, ನಾನು ಚಿಕ್ಕವನಿದ್ದಾಗ ಇದನ್ನು ಹಿಡ್ಕೊಂಡು ಮಲಗ್ತಿದ್ನಾ?"

"ಹಿಡ್ಕೊಂಡಾ? ಕಿತ್ಕೊಂಡು ಅನ್ನು. ನಿಮ್ಮಮ್ಮಂಗೆ ಎರಡನೇ ಮಗು ಹೊಟ್ಟೇಲೇ ಹೋಗಿ, ತವರಿನಲ್ಲಿ ಹಾಸಿಗೆ ಹಿಡಿದಿದ್ಲಲ್ಲ, ಆಗ ನಿನ್ನ ನಾನಿಟ್ಕೊಂಡಿದ್ದೆ. ಮಧ್ಯಾಹ್ನ ಆದ್ರೆ ಸಾಕು, ಬುಗುಡಿ ಬೇಕು ನಿನಗೆ. ಹಿಡಿಯದಿದ್ರೆ ಕಣ್ಣು ಮುಚ್ಚುತ್ತಿರಲಿಲ್ಲ."

ಹೀಗೆ ಸಂದಿ ಮುಚ್ಚಿತು. ನಾನು ಮೊದಲೇ ಲೆಕ್ಕ ಹಾಕಿದ್ದು ಸರಿಯಾಗಿತ್ತು, ಅದರಿಂದ ಒಂದಿಷ್ಟೂ ಸಮಾಧಾನವಾಗಲಿಲ್ಲ. ಅತ್ತೆ ತಿರುಪು ಹಾಕಿಕೊಳ್ಳುತ್ತಾ, ತಲೆ ಓರೆ ಮಾಡಿಕೊಂಡೇ ಮುಂದುವರಿಸಿದರು.

"ಪಾಪ, ನಿನ್ನಿಂದ ಅವಳೂ ಚುಚ್ಚಿಸ್ಕೊಂಡ್ಲು."

"ಯಾರು?"

"ನಿಮ್ಮಮ್ಮ ಕಣೋ, ಇನ್ಯಾರು? ಹುಷಾರಾಗಿ ಬಂದು ನಿನ್ನ ಲಕ್ಷ್ಮೀಪುರಂ ಮನೆಗೆ ಕರ್ಕೊಂಡು ಹೋದ್ಲು. ನೀನು ಅವಳ ಹತ್ರ ಮಲಗಲೇ ಒಲ್ಲೆ. ಕಿವಿಗೆ ಕೈ ಹಾಕೋದು, ಅಲ್ಲಿ ಏನೂ ಇಲ್ಲ, ಅಳೋದು. 'ಅತ್ತೆ ಕಿವಿ, ಅತ್ತೆ ಕಿವಿ' ಅಂತ. ಅವಳು ನನ್ನ ಹತ್ರ ಬಂದು ಅತ್ತುಬುಟ್ಲು. ನನ್ನ ಮಗ ನನ್ನ ಮರೆತುಬುಟ್ಟ ಅಕ್ಕ ಅಂತ. ನಾನು ಅಂದೆ, ಮಕ್ಕಳು ಹಾಗೇ, ಸರಿಹೋಗುತ್ತೆ ಅಂತ. ಕೇಳ್ಬೇಕಲ್ಲ? ಆಚಾರಿ ಹತ್ರ ಹೋಗಿ ಮೇಲ್ಗಿವಿ ಚುಚ್ಚಿಸ್ಕೊಂಡು ಬಂದೇಬುಟ್ಲು."

"ಸೂಜಿ ಸ್ಟೆರಿಲೈಸ್ ಮಾಡಿದ್ರಾ?" ಎಂದಳು ಮಗಳು.

"ಮಾಡ್ದೆ ಏನು, ದೀಪಕ್ಕೆ ಹಿಡಿದ. ನನ್ನ ಹಳೇ ಮೂಗುಬೊಟ್ಟು ಕೊಟ್ಟಿದ್ದೆ, ಅದನ್ನೇ ಕರಗಿಸಿ ತಂತಿ ಎಳೆದು ಸುತ್ತಿದ. ಗಾಯ ಆರಿದ ಮೇಲೆ ಬುಗುಡಿ ಮಾಡಿಸೋದು ಅಂತ. ದಿನಾ ಎಣ್ಣೆ ಬಿಟ್ಟು ತಿರುಗಿಸ್ಬೇಕು, ಇಲ್ಲಾಂದ್ರೆ ಅಂಟ್ಕೊಂಡುಬುಡುತ್ತೆ ಅಂದ. ಆ ಕೆಲಸ ನಿಮ್ಮಪ್ಪಂಗೇ ಕೊಟ್ಲು." ಅತ್ತೆ ಮಗಳಿಗೆ ನನ್ನತ್ತ ಬೆರಳು ತೋರಿಸಿದರು. "ಮಧ್ಯಾಹ್ನ ಮಲಗುವಾಗ, ತಿರುಗಿಸಪ್ಪ ಅಂತ ಕಿವಿ ಒಡ್ಡೋಳು. ಇವನು ತಿರುಗಿಸ್ತಾ ತಿರುಗಿಸ್ತಾ ಹಾಗೇ ನಿದ್ದೆ ಹೋಗೋನು. ಗೆದ್ದುಬುಟ್ಟೆ ಅಕ್ಕ ಅಂತ ನನಗೆ ಹೇಳಿಕಳಿಸಿದ್ಲು."

ಮಗಳು ನನ್ನ ಮುಖ ನೋಡಿದಳು. ನಾನು ನೆಲ ನೋಡುತ್ತಿದ್ದೆ.

"ಆಮೇಲೆ ಊದ್ಕೊಳ್ತು. ಬದನೇಕಾಯಿ ಬಣ್ಣಕ್ಕೆ ತಿರುಗ್ತು. ನಾವೆಲ್ಲ ಅರಿಶಿನ ಮೆತ್ತಿದ್ದೇ ಮೆತ್ತಿದ್ದು. ಕೊನೆಗೆ ಆಸ್ಪತ್ರೇಲಿ ತಂತಿ ತೆಗೆದು, ಕುಯ್ದು ಕೀವು ತೆಗೆದ್ರು. ವಾಸಿಯಾಯ್ತು, ಆದ್ರೆ ಆ ತುದಿ ಒಣದ್ರಾಕ್ಷಿ ಹಾಗೆ ಮುದುರಿಕೊಂಡುಬುಡ್ತು. ಆ ಮೇಲೆ ಅವಳು ಕೂದಲು ಇಳಿಬಿಟ್ಟು ಬಾಚೋಳು."

"ಅದರಿಂದಲೇ ಅಮ್ಮ…" ಎಂದು ಶುರು ಮಾಡಿದೆ.

"ಥೂ, ಅದಕ್ಕೂ ಇದಕ್ಕೂ ಏನೋ ಸಂಬಂಧ! ಕಾಮಾಲೆ ಬಂದದ್ದು ಎಷ್ಟೋ ಆಮೇಲೆ. ಕಿವಿ ಚೆನ್ನಾಗೇ ಮಾದಿತ್ತು."

"ಅಪ್ಪನ್ನ ಕೇಳಿದ್ದೆ. ಅಮ್ಮನಿಗೆ ಬುಗುಡಿ ಇರಲಿಲ್ಲ ಅಂದ್ರು."

"ಸರಿಯಾಗೇ ಹೇಳಿದಾನೆ. ಬುಗುಡಿ ಎಲ್ಲಿ ಹಾಕ್ಕೊಂಡ್ಲು ಅವಳು?"

ಯಾವ ಕಿವಿ ಎಂದು ಕೇಳಿದೆ. ಎಡಗಡೇದು. ನನಗೆ ಆಗ ಎಷ್ಟು ವಯಸ್ಸು? ಮಾತು ಬರ್ತಿತ್ತು. ತಂತಿ ಎಷ್ಟು ದಿನ ಇತ್ತು? ಯಾರಿಗೆ ನೆನಪಿರುತ್ತೆ. ನೀವು ಕಣ್ಣಾರೆ ನೋಡಿದ್ರಾ, ನಾನು ತಿರುಗಿಸೋದನ್ನ? ಇಷ್ಟರಲ್ಲಿ ಮಗಳು ನನ್ನ ಮೊಣಕೈ ಹಿಡಿದು, "ಅಪ್ಪ, ಅಜ್ಜಿ ಏನು ಕಟಕಟೇಲಿ ನಿಂತಿದಾರಾ?" ಎಂದಳು.

ಆ ಸಂಜೆ ಮಗಳನ್ನು ಮನೆಗೆ ಬಿಟ್ಟು, ಏನೋ ನೆಪ ಹೇಳಿ ಲಕ್ಷ್ಮೀಪುರಂ ಕಡೆಗೆ ಹೋದೆ. ನಾವಿದ್ದ ಬಾಡಿಗೆಯ ವಠಾರ ಈಗಿಲ್ಲ. ಆ ಜಾಗದಲ್ಲಿ ಯಾವುದೋ ಮನೆಯ ಎತ್ತರದ ಕಾಂಪೌಂಡು, ಒಳಗೆ ಸಂಪಿಗೆ ಮರ. ಗೇಟಿನ ಎದುರು ಸ್ಕೂಟರ್ ನಿಲ್ಲಿಸಿಕೊಂಡು, ಫೋನು ನೋಡುವವನ ಹಾಗೆ ನಿಂತೆ. ಅಮ್ಮನಿಗೆ ಆಗ ನನ್ನ ಮಗಳಿಗಿಂತ ಹೆಚ್ಚು ವಯಸ್ಸೇನೂ ಆಗಿರಲಿಲ್ಲ. ಮಗುವೊಂದನ್ನು ಕಳೆದುಕೊಂಡು, ಸುಧಾರಿಸಿಕೊಂಡು ಬಂದು ನೋಡಿದರೆ, ಇದ್ದ ಮಗು ಇನ್ನೊಬ್ಬರ ಕಿವಿ ಬೇಕೆಂದು ಅಳುತ್ತದೆ. ಅವಳು ನನಗೆ ಬೈಯಲಿಲ್ಲ, ಗಂಡನ ಅಕ್ಕನ ಮೇಲೆ ಮುನಿಸಿಕೊಳ್ಳಲಿಲ್ಲ. ಹೋಗಿ ತನ್ನ ಕಿವಿಗೆ ತೂತು ಹಾಕಿಸಿಕೊಂಡು ಬಂದಳು. ಇಷ್ಟು ವರ್ಷ ಅಮ್ಮ ಬೇಕು ಎಂದುಕೊಂಡವನು ನಾನೊಬ್ಬನೇ ಎಂದು ತಿಳಿದಿದ್ದೆ. ನನಗಿಂತ ಮೊದಲು ಅವಳು ನನ್ನನ್ನು ಹಾಗೆ ಬಯಸಿ ಕಾದಿದ್ದಳು, ನಾನು ಪಕ್ಕದಲ್ಲೇ ಮಲಗಿರುವಾಗಲೂ. ಆ ಗೋಡೆಯ ಆಚೆ ಎಲ್ಲೋ, ಈಗ ಇಲ್ಲದ ಒಂದು ನೆಲದ ಮೇಲೆ, ಇಬ್ಬರಿಗೂ ಬೇಕಾದದ್ದು ಸಿಕ್ಕಿದ ಕೆಲವು ಮಧ್ಯಾಹ್ನಗಳಿದ್ದವು.

ಇಷ್ಟಕ್ಕೇ ನಿಲ್ಲಿಸುವವನಾಗಿದ್ದರೆ ಚೆನ್ನಾಗಿತ್ತು.

ರಾತ್ರಿಯ ಊಟಕ್ಕೆ ಮೊದಲೇ ನನ್ನ ತಲೆ ಕೆಲಸ ಶುರು ಮಾಡಿತ್ತು. ತಿರುಗಿಸಬಾರದು ಎಂಬ ಮಾತು ಆ ಮಧ್ಯಾಹ್ನ ಮೊದಲು ಬಂದದ್ದು ಮಗಳ ಬಾಯಿಂದ. ಎಣ್ಣೆ, ಅರಿಶಿನ ಎಲ್ಲವೂ ಅತ್ತೆ ಆಗ ತಾನೇ ಆಡಿದ ಮಾತು. ವಯಸ್ಸಾದವರು ಕೇಳಿದ್ದನ್ನೂ ಕಂಡದ್ದನ್ನೂ ಬೆರೆಸುವುದು ಹೊಸದಲ್ಲ. ಎದುರಿಗೆ ಆಸೆಯಿಂದ ಕೂತವನಿಗೆ ಬೇಕಾದ ಕತೆ ತಾನಾಗಿ ರೂಪುಗೊಳ್ಳುವುದನ್ನು ನಾನೇ ಕ್ಲಾಸಿನಲ್ಲಿ ಪಾಠ ಮಾಡುತ್ತೇನೆ. ಅಷ್ಟರಲ್ಲಿ ಮಗಳು ನನ್ನನ್ನು ಕರೆದು, ಕಿವಿಯ ಹಿಂದೆ ಕಾಣಿಸ್ತಿಲ್ಲ, ಸ್ವಲ್ಪ ಸ್ಪ್ರೇ ಮಾಡು ಎಂದಳು. ಕೈ ತೊಳೆದು ಬಂದು ಮಾಡಿದೆ. ಕಿವಿ ತಿಳಿಗುಲಾಬಿ ಬಣ್ಣಕ್ಕಿತ್ತು, ಊತವಿರಲಿಲ್ಲ. "ಮುಟ್ಟಬೇಡಪ್ಪ" ಎಂದಳು. ನಾನು ಮುಟ್ಟಿರಲಿಲ್ಲ. ಬೆರಳು ಅಷ್ಟು ಹತ್ತಿರ ಹೋಗಿತ್ತು, ಅಷ್ಟೇ.

ಅವಳ ಕಡ್ಡಿಯನ್ನು ಚಿಕ್ಕದಾಗಿ ಬದಲಾಯಿಸಿದ ಮೇಲೆ, ಕಾಲೇಜಿಗೆ ರಜೆಯಿದ್ದ ಒಂದು ದಿನ ನಾನೊಬ್ಬನೇ ನಜರ್‌ಬಾದಿಗೆ ಹೋದೆ. ಹಣ್ಣು ಒಯ್ದಿದ್ದೆ. ಒಳಗಿದ್ದ ಉದ್ದೇಶ ಬೇರೆ, ಅದೇ ಕತೆಯನ್ನು ಇನ್ನೊಮ್ಮೆ ಹೇಳಿಸಬೇಕು, ಹೊಂದುತ್ತದೆಯೇ ನೋಡಬೇಕು. ಅತ್ತೆ ಊಟ ಹಾಕಿದರು. ಹುರುಳಿಕಾಯಿ ಪಲ್ಯ, ತಿಳಿಸಾರು. ಊಟದ ಮಧ್ಯೆ, ಸುಮ್ಮನೆ ಕೇಳುವವನ ಹಾಗೆ, "ಅತ್ತೆ, ಅಮ್ಮ ಮೇಲ್ಗಿವಿ ಚುಚ್ಚಿಸಿಕೊಂಡಾಗ ಆಚಾರಿ ಮನೆಗೆ ನೀವೂ ಹೋಗಿದ್ರಾ?" ಎಂದೆ.

"ಯಾರು ಚುಚ್ಚಿಸ್ಕೊಂಡಾಗ?"

"ಅಮ್ಮ."

ಅವರು ಸೌಟನ್ನು ಪಾತ್ರೆಗೆ ಒರಗಿಸಿ ನನ್ನನ್ನು ನೋಡಿದರು. "ನಿಮ್ಮಮ್ಮನಾ? ಅವಳಿಗೆಲ್ಲಿತ್ತೋ ಬುಗುಡಿ? ಬುಗುಡಿ ನಂದು."

"ಬುಗುಡಿ ಅಲ್ಲ, ತಂತಿ. ಹೋದ ಸಲ ಹೇಳಿದ್ರಲ್ಲ. ನಿಮ್ಮ ಮೂಗುಬೊಟ್ಟಿನದು."

"ನನ್ನ ಮೂಗುಬೊಟ್ಟು ಕಳೆದುಹೋಯ್ತಲ್ಲ, ದಸರಾ ನೂಕುನುಗ್ಗಲಲ್ಲಿ. ಅನ್ನ ಹಾಕ್ಲಾ?"

ನಾನು ಅನ್ನ ಹಾಕಿಸಿಕೊಂಡೆ. ಮೂರನೆಯ ಸಲ ಕೇಳಬಹುದಿತ್ತು. ತವರು, ವಠಾರ, ಆಸ್ಪತ್ರೆ ಎಂದು ಒಂದೊಂದೇ ಎಳೆ ಹಿಡಿದು ಎಳೆಯಬಹುದಿತ್ತು. ಎಳೆದರೆ ಏನಾದರೂ ಬರುತ್ತಿತ್ತು. ಬಂದದ್ದು ಅವರದೋ ನಾನು ಇಟ್ಟದ್ದೋ ಎಂದು ಮತ್ತೆ ಕೂತು ಬಿಡಿಸಬೇಕಾಗುತ್ತಿತ್ತು. ಎದುರಿಗೆ ವಯಸ್ಸಾದ ಅತ್ತೆ ನನ್ನ ತಟ್ಟೆಗೆ ತುಪ್ಪ ಬಿಡುತ್ತಿದ್ದರು. ಬೇಡವೆನಿಸಿತು. ಸಾರನ್ನ ಉಂಡೆ.

"ಬಿಸಿಲು ಇಳಿಯಲಿ, ಮಲಗಿ ಎದ್ದು ಹೋಗು" ಎಂದರು. ನಡುಮನೆಯಲ್ಲಿ ಅದೇ ಕೆಂಪು ನೆಲ, ಅಲ್ಲಲ್ಲಿ ಬಿರುಕು. ಅವರು ಗೋಡೆ ಕಡೆ ತಮ್ಮ ಹಾಸಿಗೆಯಲ್ಲಿ, ನಾನು ಸ್ವಲ್ಪ ದೂರದಲ್ಲಿ ಚಾಪೆಯ ಮೇಲೆ ಮಲಗಿದೆವು. ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಬೀದಿಯಲ್ಲಿ ಯಾರೋ ಹಳೆ ಪೇಪರ್ ಎಂದು ಕೂಗಿಕೊಂಡು ಹೋದರು. ನಾನು ಸೂರು ನೋಡುತ್ತಾ, ಆಗಲಿ, ಎಲ್ಲರಿಗೂ ಅಮ್ಮನ ನೆನಪಿರಲೇಬೇಕೆಂದೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನು ನಂಬಲು ಪ್ರಯತ್ನಿಸುತ್ತಿರುವಾಗಲೇ ಜೊಂಪು ಹತ್ತಿತು.

ಎಷ್ಟು ಹೊತ್ತಾಗಿತ್ತೋ. ನಾನು ಮಗ್ಗುಲಾಗಿದ್ದೆ. ಚಾಪೆಯ ಅಂಚಿಗೆ ಹೊಲಿದ ಬಟ್ಟೆಯ ಒಂದು ದಾರ ಬಿಚ್ಚಿಕೊಂಡಿತ್ತು. ಅದು ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇತ್ತು, ಬೆರಳುಗಳು ಹೊಸೆಯುತ್ತಿದ್ದವು. ಅತ್ತೆ ನನ್ನತ್ತ ಮುಖ ಮಾಡಿ ಮಲಗಿದ್ದರು. ಕಣ್ಣು ಅರೆತೆರೆದಿತ್ತು. ನೋಡುತ್ತಿದ್ದರೋ, ನಿದ್ದೆಯಲ್ಲೇ ಇದ್ದರೋ ಗೊತ್ತಾಗಲಿಲ್ಲ. ನೋಟ ನನ್ನ ಮುಖದ ಮೇಲಿರಲಿಲ್ಲ, ಬೆರಳುಗಳ ಮೇಲಿತ್ತು.

"ಸಾಕು ಬುಡೋ" ಎಂದರು, ಮಗುವಿಗೆ ಹೇಳುವ ಮೆಲುದನಿಯಲ್ಲಿ. "ಅವಳಿಗೆ ನೋಯುತ್ತೆ."

ಕಣ್ಣು ಮುಚ್ಚಿಕೊಂಡಿತು. ಉಸಿರು ಮತ್ತೆ ನಿದ್ದೆಯ ಉಸಿರಾಯಿತು. ಆ ಮನೆಯಲ್ಲಿ ನಾವಿಬ್ಬರೇ ಇದ್ದೆವು.

ನಾನು ದಾರವನ್ನು ಬಿಟ್ಟೆ. ಬಿಟ್ಟ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ಬಹಳ ಹೊತ್ತು ಅದನ್ನು ತಣ್ಣನೆಯ ನೆಲದ ಮೇಲೆ, ಅಂಗೈ ಮೇಲಾಗಿ, ಹಾಗೇ ಇಟ್ಟುಕೊಂಡು ಮಲಗಿದ್ದೆ.